ಹೊರೆ ಇಳಿಸಿ, ಕಾವಲು ಕೊಡಿ: ಸಭೆಯಲ್ಲಿ ಮುಪ್ಪಿನವರಿಗೆ ಜಾಗ ಮಾಡುವ ಬಗೆ

ಬೈಬಲಿನ ಅರಣ್ಯಕಾಂಡದ 8ನೇ ಅಧ್ಯಾಯದ ಕೊನೆಗೆ, ಆರಾಧನೆಯ ಗುಡಾರದ ಸೇವೆಗೆ ಮೀಸಲಾದ ಲೇವಿ ಕುಲದವರ ನಿವೃತ್ತಿಯ ವಯಸ್ಸು ಬರೆದಿದೆ. 25ಕ್ಕೆ ದೇವದರ್ಶನದ ಗುಡಾರದ ಸೇವೆಗೆ ಸೇರಬೇಕು, 50ಕ್ಕೆ ದುಡಿಮೆ ಬಿಡಬೇಕು. ಆದರೆ ಮನೆಗೆ ಹೋಗು ಎಂದು ಅಲ್ಲಿ ಹೇಳಿಲ್ಲ. 50 ದಾಟಿದವನು ಅಣ್ಣತಮ್ಮಂದಿರ ಜೊತೆ ನಿಂತು ಕಾವಲು ನೋಡಬೇಕು, ಹೊರುವ ಕೆಲಸ ಮಾತ್ರ ಮಾಡಬಾರದು. ಗುಡಾರ ಕಿತ್ತಾಗಲೆಲ್ಲ ಹಲಗೆ, ಕಂಬ, ಗದ್ದಿಗೆಕಲ್ಲು ಸಾಗಿಸಬೇಕಿದ್ದ ಮೆರಾರೀಯರೆಂಬ ಲೇವಿ ಗುಂಪಿಗೆ ನಾಲ್ಕು ಬಂಡಿ, ಎಂಟು ಎತ್ತು ಕೊಟ್ಟಿದ್ದರು. ಕೆಹಾತ್ಯರೆಂಬ ಇನ್ನೊಂದು ಗುಂಪಿಗೆ ಅದೂ ಇರಲಿಲ್ಲ, ಪವಿತ್ರ ವಸ್ತುಗಳನ್ನು ಹೆಗಲ ಮೇಲೇ ಹೊರಬೇಕಿತ್ತು. 50 ಆದವನ ಹೆಗಲಿಂದ ಇಳಿದದ್ದು ಇಂಥ ಭಾರ. ಅವನ ಸೇವೆ ಹಾಗೇ ಉಳಿಯಿತು.

ಬೀದರ್, ಕಲಬುರಗಿ, ಯಾದಗಿರಿ ಕಡೆಯ ಕ್ರೈಸ್ತ ಸಭೆಗಳಲ್ಲಿ ಇದು ಎರಡು ರೀತಿ ತಪ್ಪುತ್ತದೆ. ಒಂದು ಕಡೆ 80 ದಾಟಿದವರ ಕೈಯಲ್ಲೇ ಖಜಾನೆಯ ಬೀಗದ ಕೈ ಇರುತ್ತದೆ, ಹೊರೆ ಇಳಿಯುವುದೇ ಇಲ್ಲ. ಇನ್ನೊಂದು ಕಡೆ ಆಯಿ ಮೊಣಕಾಲು ನೋವಿನಿಂದ ಎರಡು ತಿಂಗಳು ಬರದಿದ್ದರೆ ಚಂದಾ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಬೇರೆ ಎಲ್ಲಿಂದಲೂ ಅಳಿದುಹೋಗುತ್ತದೆ. ಮೆಥೋಡಿಸ್ಟ್ ಸಭೆಯಿರಲಿ, ಕಥೋಲಿಕ ಧರ್ಮಕೇಂದ್ರವಿರಲಿ, ಪೆಂತೆಕೊಸ್ತ್ ಕೂಟವಿರಲಿ, ಕೆಲಸ ಶುರುವಾಗುವುದು ಒಂದು ನೋಟ್‌ಬುಕ್ಕಿನಿಂದ.

ಒಬ್ಬರಿಗೆ ಒಂದು ಹಾಳೆ

200 ಪುಟದ ಉದ್ದ ನೋಟ್‌ಬುಕ್ ತನ್ನಿ. 60 ದಾಟಿದ ಪ್ರತಿಯೊಬ್ಬರಿಗೂ ಎದುರುಬದುರಿನ ಎರಡು ಪುಟ. 60 ಎನ್ನುವುದು ಸರಕಾರದ ಲೆಕ್ಕ ಮಾತ್ರ ಅಲ್ಲ, ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದಲ್ಲೂ ವಿಧವೆಯರ ಪಟ್ಟಿಗೆ ಸೇರಿಸುವ ವಯಸ್ಸು ಅದೇ. ಆ ಕಾಲದಲ್ಲೇ ಸಭೆಗೆ ಪಟ್ಟಿ ಇತ್ತು ಎನ್ನುವುದನ್ನು ಗಮನಿಸಿ. ಅದಕ್ಕೂ ಹಿಂದೆ, ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಮೊದಲ ಸಭೆಯೊಳಗೆ ಗುಣುಗುಟ್ಟುವಿಕೆ ಹುಟ್ಟಿದ್ದು ಕೆಲವು ವಿಧವೆಯರು ದಿನದ ಊಟದ ಹಂಚಿಕೆಯಲ್ಲಿ ಬಿಟ್ಟುಹೋದರು ಎಂಬ ಕಾರಣಕ್ಕೆ. ಏಳು ಮಂದಿಯನ್ನು ಆರಿಸಿ ಅವರ ಕೈಗೆ ಕೆಲಸ ಕೊಟ್ಟ ಮೇಲೆಯೇ ಅದು ಬಗೆಹರಿಯಿತು.

ಎಡಪುಟದಲ್ಲಿ ಅವರ ಅಗತ್ಯ ಬರೆಯಿರಿ: ಕಣ್ಣು, ಕಿವಿ, ಮೊಣಕಾಲು ಹೇಗಿವೆ, ನುಂಗಲು ತೊಂದರೆ ಇದೆಯೇ, ಸಕ್ಕರೆ ಕಾಯಿಲೆಗೆ ಗುಳಿಗೆಯೋ ಇನ್ಸುಲಿನ್ನೋ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಹೈದರಾಬಾದ್‌ನಲ್ಲೋ ಪುಣೆಯಲ್ಲೋ ಇರುವ ಮಗನ ಅಥವಾ ಮಗಳ ನಂಬರ್, ಪಿಂಚಣಿ ಯಾವ ಖಾತೆಗೆ ಬರುತ್ತದೆ. ಬಲಪುಟದಲ್ಲಿ ಅವರು ಕೊಡಬಲ್ಲದ್ದನ್ನು ಬರೆಯಿರಿ: ಯಾವ ಹಾಡುಗಳು ಬಾಯಿಪಾಠ, ಯಾವ ಭಾಷೆ ಓದುತ್ತಾರೆ, ಯಾರ ಮದುವೆ, ಯಾರ ದೀಕ್ಷಾಸ್ನಾನ ನೆನಪಿದೆ, ಹೊಲಿಗೆ ಬರುತ್ತದೆಯೇ, ಫೋನಿನಲ್ಲಿ ಮಾತಾಡಬಲ್ಲರೇ. ಬಲಪುಟ ಖಾಲಿ ಉಳಿದರೆ ಕೇಳಿದವರು ಸರಿಯಾಗಿ ಕೇಳಿಲ್ಲ ಎಂದೇ ತಿಳಿಯಿರಿ. ಮತ್ತೊಮ್ಮೆ ಕಳುಹಿಸಿ, ಈ ಸಲ ಹೆಂಗಸರೊಬ್ಬರನ್ನು ಕಳುಹಿಸಿ.

ನೋಟ್‌ಬುಕ್ ಒಬ್ಬರ ಬಳಿಯೇ ಇರಬೇಕು. ಅದರಲ್ಲಿರುವ ಕಾಯಿಲೆಗಳ ಹೆಸರು ಭಾನುವಾರ ಮೈಕಿನಲ್ಲಿ ಬರಬಾರದು. 'ನಮ್ಮ ಆಯಿಗೆ ಮೂತ್ರ ನಿಲ್ಲುವುದಿಲ್ಲ, ಪ್ರಾರ್ಥಿಸಿರಿ' ಎಂದು ಸಭೆಯ ಮುಂದೆ ಹೇಳಿಸಿಕೊಂಡವರು ಮುಂದಿನ ವಾರ ಬರುವುದಿಲ್ಲ. ಹೆಸರು ಹೇಳಿ ಪ್ರಾರ್ಥಿಸಿದರೆ ಸಾಕು, ಕಾಯಿಲೆ ಯಾವುದೆಂದು ದೇವರಿಗೆ ಗೊತ್ತಿದೆ.

ಕೂರುವ ಜಾಗ, ಕೇಳುವ ಜಾಗ, ಮತ್ತು ಯಾರೂ ಹೇಳದ ಇನ್ನೊಂದು ಜಾಗ

1 ಸಮುವೇಲ 4ರಲ್ಲಿ ಯಾಜಕ ಏಲಿ ಸತ್ತ ಬಗೆ ನೋಡಿ: 98 ವರ್ಷ, ಕಣ್ಣು ಕಾಣುವುದಿಲ್ಲ, ಮೈ ಭಾರ, ಬಾಗಿಲ ಪಕ್ಕದ ಪೀಠದಿಂದ ಹಿಂದಕ್ಕೆ ಬಿದ್ದು ಕುತ್ತಿಗೆ ಮುರಿಯಿತು. ದೇವರ ಮಂಜೂಷ ವೈರಿಗಳ ವಶವಾಯಿತೆಂಬ ಸುದ್ದಿಯ ಆಘಾತ ನಿಜ, ಆದರೆ ಮುಪ್ಪಿನವರು ಬೀಳುವುದು ಇಂದಿಗೂ ಹೀಗೇ: ಕಣ್ಣು ಮಂಜು, ಆಸನ ಸರಿಯಿಲ್ಲ, ಹಿಡಿಯಲು ಏನೂ ಇಲ್ಲ.

ಕುರ್ಚಿಗೆ ಬೆನ್ನು ಮತ್ತು ಎರಡೂ ಕಡೆ ಕೈ ಇರಬೇಕು. ಕೂರುವ ಎತ್ತರ ನೆಲದಿಂದ 45ರಿಂದ 48 ಸೆಂಟಿಮೀಟರ್. ಅದಕ್ಕಿಂತ ತಗ್ಗಾದರೆ ಏಳುವಾಗ ಇಡೀ ಭಾರ ಮೊಣಕಾಲಿಗೆ ಬೀಳುತ್ತದೆ. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದ ಮೇಲೆ ಕಾಲು ಅಗಲಿಸಿ ಜಾರುತ್ತದೆ. ನಮ್ಮಲ್ಲಿ ನೆಲಕ್ಕೆ ಶಹಾಬಾದ್ ಪರ್ಸಿ (ಕಲ್ಲುಚಪ್ಪಡಿ) ಹಾಸುವುದು ರೂಢಿ. ಒರಟು ಪರ್ಸಿಯಾದರೆ ಚಿಂತೆಯಿಲ್ಲ. ಪಾಲಿಷ್ ಮಾಡಿದ್ದು ನೀರು ಬಿದ್ದೊಡನೆ ಗಾಜಿನಂತಾಗುತ್ತದೆ. ಆರಾಧನೆಗೆ ಮುಂಚೆ ನೆಲ ಒರೆಸುವ ಉತ್ಸಾಹವನ್ನು ಶನಿವಾರ ಸಂಜೆಗೆ ಮುಗಿಸಿ. ಮೆಟ್ಟಿಲ ಪಕ್ಕ ಇಳಿಜಾರು ಮಾಡಿಸುವುದಾದರೆ ಅಳತೆ 1ಕ್ಕೆ 12: ಮೆಟ್ಟಿಲ ಒಟ್ಟು ಎತ್ತರ 45 ಸೆಂಟಿಮೀಟರ್ ಇದ್ದರೆ ಇಳಿಜಾರಿನ ಉದ್ದ 5.4 ಮೀಟರ್ ಬೇಕು. ಮೇಸ್ತ್ರಿ 'ಎರಡು ಮೀಟರ್ ಸಾಕ್ರಿ' ಎನ್ನುತ್ತಾನೆ. ಅದು ಬೈಕ್ ಹತ್ತಿಸಲು ಸಾಕು, ಗಾಲಿಕುರ್ಚಿಗಲ್ಲ.

ಕಿವಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಧ್ವನಿ ಏರಿಸುವುದು. ವಯಸ್ಸಿನಿಂದ ಕಿವಿ ಮಂದವಾದಾಗ ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ತ, ಕ ಇವೆಲ್ಲ ಒಂದೇ ತೆರನಾಗಿ ಕೇಳುತ್ತವೆ. ಗದ್ದಲ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕೂಗಿದರೆ ಗದ್ದಲ ಮಾತ್ರ ಹೆಚ್ಚುತ್ತದೆ. ಬೋಧಕರು ನಿಧಾನ ಮಾಡಲಿ, ವಾಕ್ಯದ ನಡುವೆ ಉಸಿರು ಬಿಡಲಿ, ಮುಖ ಕಾಣುವಂತೆ ನಿಲ್ಲಲಿ. ಬೆನ್ನ ಹಿಂದೆ ಟ್ಯೂಬ್‌ಲೈಟ್ ಉರಿದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಹಿರಿಯರ ಸಾಲು ಮುಂದೆ ಇರಲಿ, ಆದರೆ ಸ್ಪೀಕರ್ ಡಬ್ಬಿಯ ಎದುರು ಬೇಡ. ಕೀಬೋರ್ಡ್, ಡೋಲಕ್ ಎರಡೂ ಸೇರಿ ಹಾಡಿನ ಮಾತನ್ನು ಮುಚ್ಚುತ್ತಿದ್ದರೆ ಒಂದು ಚರಣವನ್ನು ವಾದ್ಯವಿಲ್ಲದೆ ಹಾಡಿಸಿ ನೋಡಿ: ಮುಂದಿನ ಸಾಲಿನಲ್ಲಿ ತುಟಿಗಳು ಅಲುಗಾಡಲು ಶುರುವಾಗುತ್ತವೆ. ಹಾಡಿನ ಹಾಳೆಯ ಅಕ್ಷರ 18 ಪಾಯಿಂಟ್‌ಗಿಂತ ಕಡಿಮೆ ಬೇಡ, ಬಿಳಿ ಹಾಳೆ, ಕಪ್ಪು ಅಕ್ಷರ, ಹಿಂದೆ ಶಿಲುಬೆಯ ಚಿತ್ರ ಬೇಡ.

ಇನ್ನು ಮೂರನೇ ಜಾಗ. ಅನೇಕ ಹಿರಿಯರು ಬರುವುದನ್ನು ಬಿಡಲು ಕಾರಣ ಭಕ್ತಿ ಕಡಿಮೆಯಾಗಿದ್ದಲ್ಲ, ಶೌಚಾಲಯ. ಬಿಪಿ ಅಥವಾ ಹೃದಯಕ್ಕೆ ಮೂತ್ರ ಹೆಚ್ಚಿಸುವ ನೀರಿನ ಗುಳಿಗೆ ತೆಗೆದುಕೊಳ್ಳುವವರು ಬೆಳಿಗ್ಗೆ ನುಂಗಿದರೆ ಕೆಲವು ತಾಸು ಪದೇ ಪದೇ ಒಂದಕ್ಕೆ ಏಳಬೇಕು. ಸಭೆಯ ಶೌಚಾಲಯ ಕಾಂಪೌಂಡಿನ ಮೂಲೆಯಲ್ಲಿ, ಕುಕ್ಕರುಗಾಲಿನದು, ಚಿಲಕ ಕೆಟ್ಟದ್ದು. ಹಾಗಾಗಿ ಭಾನುವಾರ ಗುಳಿಗೆಯನ್ನೇ ಬಿಡುತ್ತಾರೆ, ನೀರೂ ಕುಡಿಯುವುದಿಲ್ಲ. ಸೋಮವಾರ ಕಾಲು ಬಾವು, ಉಸಿರು ಮೇಲೆ. ಗುಳಿಗೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಲು ಹೇಳಿ, ತಾವಾಗಿಯೇ ಬಿಡಬಾರದು. ಸಭೆಯ ಕಡೆಯಿಂದ ಒಂದು ಕಮೋಡ್, ಗೋಡೆಗೆ ಒಂದು ಹಿಡಿಕೆ, ಒಳಗೆ ದೀಪ. ಹೊಸ ಸೌಂಡ್ ಬಾಕ್ಸಿಗೆ ಕಾಣಿಕೆ ಎತ್ತುವ ಮುಂಚೆ ಇದಾಗಲಿ.

ಬೇಸಿಗೆಗೆ ಹೊತ್ತು ಬದಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಸಭೆ ಮಾತ್ರ ಹತ್ತೂವರೆಗೆ ಶುರುವಾಗಿ ಒಂದಕ್ಕೆ ಬಿಡುತ್ತದೆ. ಏಳೂವರೆಗೆ ಶುರುಮಾಡಿ. ಶುಭಶುಕ್ರವಾರದ 12ರಿಂದ 3ರ ಆರಾಧನೆಯ ಹೊತ್ತು ಬದಲಿಸಲಾಗದಿದ್ದರೆ ಹಿರಿಯರಿಗೆ ಅಲ್ಲಿ ಧ್ಯಾನಿಸುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಒಂದಕ್ಕೋ ಎರಡಕ್ಕೋ ಬಂದು ಹೋಗುವ ಅವಕಾಶ ಇರಲಿ, ಹೋಗಿ ಬರಲು ಆಟೋ ಇರಲಿ. ಡಿಸೆಂಬರಿನ ಕ್ಯಾರೋಲ್ ತಿರುಗಾಟಕ್ಕೂ ಇದೇ ಮಾತು: ಹಿರಿಯರಿರುವ ಮನೆಗಳು ಮೊದಲು, ಎಂಟು ಗಂಟೆಯೊಳಗೆ. ಬೀದರ್ ಚಳಿಯಲ್ಲಿ ರಾತ್ರಿ ಒಂದರವರೆಗೆ ಬಾಗಿಲು ತೆಗೆದು ಕಾಯುವ ಮುತ್ಯಾನ ಮನೆ ಹುಡುಗರ ಪಟ್ಟಿಯಲ್ಲಿ ಯಾವಾಗಲೂ ಕೊನೆಗೇ ಇರುತ್ತದೆ, ಏಕೆಂದರೆ ಅಲ್ಲಿ ಕೇಕ್ ಇಲ್ಲ. ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳ ಹರಾಜು ಮುಗಿಯುವವರೆಗೆ ಊಟಕ್ಕೆ ಕಾಯಿಸಬೇಡಿ. ಗುಳಿಗೆ ನುಂಗಿದವರಿಗೆ ಮೊದಲು ಬಡಿಸಿ, ಕಡಕ್ ರೊಟ್ಟಿಯ ಬದಲು ಮೆತ್ತನೆಯ ಬಿಸಿ ರೊಟ್ಟಿ ಅಥವಾ ನುಚ್ಚು, ತೊಗರಿಬೇಳೆ ಗಟ್ಟಿಯಾಗಿ.

ಮನೆಗೆ ಕರ್ತನ ಭೋಜನ ಒಯ್ಯುವಾಗ

ಕರ್ತನ ಭೋಜನ ಎಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ. ತಿಂಗಳಿಗೊಮ್ಮೆ ಎಂದು ತಾರೀಖು ಗೊತ್ತು ಮಾಡಿ, ಉದಾಹರಣೆಗೆ ಮೊದಲ ಶುಕ್ರವಾರ. ಕಥೋಲಿಕರಲ್ಲಿ ಅನೇಕ ಕಡೆ ಇದು ಮೊದಲಿನಿಂದಲೂ ರೂಢಿ. 'ಯಾವಾಗಾದರೂ ಬರುತ್ತೇವೆ' ಎಂದರೆ ಆಯಿ ಪ್ರತಿದಿನ ಸ್ನಾನ ಮಾಡಿ ಕಾಯುತ್ತಾಳೆ. ಹೋಗುವವರು ಮೂವರಿಗಿಂತ ಹೆಚ್ಚು ಬೇಡ: ಪಾಸ್ಟರ್ ಅಥವಾ ಫಾದರ್, ಹಾಡಬಲ್ಲವರೊಬ್ಬರು, ಮನೆಯವರ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡಬಲ್ಲವರೊಬ್ಬರು. ಮೂರನೆಯವರೇ ಮುಖ್ಯ, ನಿಜವಾದ ಸುದ್ದಿ ಸೊಸೆಯಿಂದ ಗೊತ್ತಾಗುತ್ತದೆ. ಹನ್ನೆರಡು ಮಂದಿ ಡೋಲಕ್ ಹಿಡಿದು ಹೋದರೆ ಮನೆಯವರಿಗೆ ಉಪ್ಪಿಟ್ಟು, ಚಹಾದ ಖರ್ಚು, ಹಾಸಿಗೆಯಲ್ಲಿದ್ದವರಿಗೆ ದಣಿವು. ಚಹಾ ಬೇಡ ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿ.

ಒಯ್ಯಬೇಕಾದದ್ದು ಕಡಿಮೆ: ಒಂದು ಬಿಳಿ ಬಟ್ಟೆ, ಸಣ್ಣ ಲೋಟ, ಒಂದು ಚಮಚ, ರೊಟ್ಟಿ, ದ್ರಾಕ್ಷಾರಸ, ದೊಡ್ಡ ಅಕ್ಷರದ ಒಂದು ಕೀರ್ತನೆಯ ಹಾಳೆ, ಕೈ ತೊಳೆಯಲು ಸೋಪು. ಮೆಥೋಡಿಸ್ಟರಲ್ಲಿ ಹುದುಗದ ರಸ ಬಳಸುತ್ತಾರೆ. ಮನೆಯಲ್ಲೇ ಮಾಡುವುದಾದರೆ ಒಂದು ಕಿಲೋ ಕಪ್ಪು ದ್ರಾಕ್ಷಿಯನ್ನು ತೊಳೆದು, ಒಂದು ಲೋಟ ನೀರಿನಲ್ಲಿ ಸಿಪ್ಪೆ ಬಿರಿಯುವವರೆಗೆ ಕುದಿಸಿ, ಹಿಂಡಿ, ಸೋಸಿ, ಮತ್ತೊಮ್ಮೆ ಕುದಿ ಬರಿಸಿ, ಕುದಿಸಿ ಆರಿಸಿದ ಬಾಟಲಿಗೆ ಹಾಕಿ. ಫ್ರಿಜ್ಜಿನಲ್ಲಿಟ್ಟರೂ ಮೂರು ನಾಲ್ಕು ದಿನಕ್ಕೆ ಮುಗಿಸಿ, ಬುರುಗು ಬಂದರೆ ಚೆಲ್ಲಿ. ಬೇಸಿಗೆಯಲ್ಲಿ ಬೆಳಗಿನ ಬಾಟಲಿ ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನದವರೆಗೆ ಇದ್ದರೆ ಹುದುಗಲು ಶುರುವಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಒಂದು ಗುಟುಕಿನಿಂದ ಏನೂ ಆಗದು. ಕಥೋಲಿಕರ ಪರಮಪ್ರಸಾದವಾದರೆ ಪೂಜೆಯಲ್ಲಿ ಅರ್ಪಿತವಾದದ್ದನ್ನೇ ಒಯ್ಯಬೇಕು, ಗುರುಗಳು ಅಥವಾ ಅವರು ನೇಮಿಸಿದವರು ಮಾತ್ರ. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ಮುದುಕರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಬೆಳಗಿನ ಗಂಜಿ ಬಿಟ್ಟು ತಲೆ ತಿರುಗಿದವರಿದ್ದಾರೆ.

ಒಳಗೆ ಹೋದೊಡನೆ ನಿಂತುಕೊಂಡು ಪ್ರಾರ್ಥನೆ ಶುರುಮಾಡಬೇಡಿ. ಹೊರಸಿನ ಪಕ್ಕ ಸ್ಟೂಲ್ ಎಳೆದು ಅವರ ಕಣ್ಣಿನ ಮಟ್ಟಕ್ಕೆ ಕೂತು, ನಿಮ್ಮ ಹೆಸರು ಹೇಳಿ. 'ಗುರುತು ಸಿಕ್ಕಿತೇನು ಹೇಳ್ರಿ ನೋಡೋಣ' ಎನ್ನುವುದು ಮರೆವಿರುವವರಿಗೆ ಪರೀಕ್ಷೆ, ಅವರು ಸೋಲುತ್ತಾರೆ, ನಾಚುತ್ತಾರೆ. 'ನಾನು ಇಂಥವರ ಮಗಳು, ಸಭೆಯಿಂದ ಬಂದೀನಿ' ಎಂದರೆ ಸಾಕು. ಫೋನ್ ಸೈಲೆಂಟ್. ಒಂದು ಹಾಡಿನ ಎರಡು ಚರಣ, ಎಂಟ್ಹತ್ತು ವಚನ, ನಾಲ್ಕು ಮಾತು. ಪ್ರಸಂಗ ಬೇಡ. ಎಲ್ಲ ಸೇರಿ 25 ನಿಮಿಷ.

ನುಂಗಿಸುವ ಹೊತ್ತು ಎಲ್ಲಕ್ಕಿಂತ ಜಾಗರೂಕತೆ ಬೇಕಾದದ್ದು. ಮಲಗಿದ್ದವರನ್ನು ಬೆನ್ನಿಗೆ ಎರಡು ದಿಂಬು ಕೊಟ್ಟು ಆದಷ್ಟು ನೇರ ಕೂರಿಸಿ. ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಹಾಕುವುದು ಅಪಾಯ, ಕೆಳಗೆ ಇಳಿಯಬೇಕಾದದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಬಾಯಿ ಒಣಗಿದ್ದರೆ ಮೊದಲು ತುಟಿ ನೆನೆಸಿ. ರೊಟ್ಟಿ ಅಥವಾ ಪ್ರಸಾದ ತೊಗರಿಕಾಳಿನಷ್ಟು ಸಾಕು, ಚಮಚದಲ್ಲಿ ನೆನೆಸಿ ಕೊಡಿ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆಯೇ ಮುಂದಿನದು. ಕೆಮ್ಮು ಬಂದರೆ, ಅಥವಾ ಧ್ವನಿ ನೀರಿನೊಳಗಿಂದ ಬಂದಂತೆ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಪಾರ್ಶ್ವವಾಯು ಆದವರಿಗೆ ರೊಟ್ಟಿಗಿಂತ ತೆಳು ನೀರೇ ಕಷ್ಟ ಇರಬಹುದು, ಡಾಕ್ಟರ್ ಏನು ಹೇಳಿದ್ದಾರೆಂದು ಮನೆಯವರನ್ನು ಮುಂಚೆಯೇ ಕೇಳಿ. ಕಥೋಲಿಕರಲ್ಲಿ ಗಟ್ಟಿ ನುಂಗಲಾಗದವರಿಗೆ ರಸವೊಂದನ್ನೇ ಕೊಡುವ ಅವಕಾಶ ಇದೆ, ಫಾದರಿಗೆ ಮೊದಲೇ ತಿಳಿಸಿ. ಮುಗಿದ ಮೇಲೆ ಅರ್ಧ ತಾಸು ಕೂತೇ ಇರಲಿ, ಕೂಡಲೇ ಮಲಗಿಸಬೇಡಿ.

ಹೊರಡುವ ಮುಂಚೆ ಕೊನೆಯ ಪ್ರಾರ್ಥನೆಯನ್ನು ಅವರಿಂದಲೇ ಮಾಡಿಸಿ. ಇದನ್ನು ಬಿಡುವ ತಂಡಗಳೇ ಹೆಚ್ಚು. ಬಂದವರ ತಲೆಯ ಮೇಲೆ ಆ ನಡುಗುವ ಕೈ ಇಟ್ಟು ಆಯಿ ನಾಲ್ಕು ಮಾತು ಹೇಳಿದರೆ ಆ ದಿನ ಭೇಟಿಗೆ ಬಂದವರು ಯಾರು, ಭೇಟಿ ಪಡೆದವರು ಯಾರು ಎನ್ನುವುದು ಅದಲುಬದಲಾಗುತ್ತದೆ. ಮಾತು ಬಾರದವರಾದರೆ ಕೈ ಇಟ್ಟರೆ ಸಾಕು.

ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ, ಅಲ್ಲಿರುವುದು 'ಅಸ್ವಸ್ಥನಾಗಿದ್ದರೆ', 'ಸಾಯುತ್ತಿದ್ದರೆ' ಎಂದಲ್ಲ. ಕಥೋಲಿಕರ ರೋಗಿಗಳ ಅಭ್ಯಂಗವೂ ಕೊನೆಯ ಗಳಿಗೆಗೆ ಮೀಸಲಲ್ಲ. ಮುಪ್ಪಿನಿಂದ ದೇಹ ಇಳಿಯತೊಡಗಿದಾಗಲೇ ಪಡೆಯಬಹುದು, ಸ್ಥಿತಿ ಮತ್ತೆ ಬಿಗಡಾಯಿಸಿದರೆ ಮತ್ತೆ ಪಡೆಯಬಹುದು. 'ಫಾದರ್ ಬಂದರೆ ಮುತ್ಯಾ ಹೆದರುತ್ತಾನೆ' ಎಂದು ಪ್ರಜ್ಞೆ ತಪ್ಪುವವರೆಗೆ ಕಾಯುವುದರಿಂದ ಆತನಿಗೆ ಪಾಪನಿವೇದನೆಯ ಅವಕಾಶ ತಪ್ಪುತ್ತದೆ.

ಉಪವಾಸ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕಥೋಲಿಕರಿಗೆ ಉಪವಾಸದ ಕಡ್ಡಾಯ 18 ತುಂಬಿದಲ್ಲಿಂದ 59 ತುಂಬುವವರೆಗೆ. ಆಮೇಲೆ ಇಲ್ಲ. ಉಪವಾಸ ಕೂಟ ನಡೆಸುವ ಸಭೆಗಳಲ್ಲಿ ಇಂಥ ಮಿತಿ ಬರೆದಿಟ್ಟಿಲ್ಲ, ಹಾಗಾಗಿ ಪಾಸ್ಟರೇ ಬಾಯಿಬಿಟ್ಟು ಹೇಳಬೇಕು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ: ಬೆವರು, ನಡುಕ, ಮಾತು ತೊದಲು. ಕೂಟದಲ್ಲಿ ಇದನ್ನು 'ಆತ್ಮದ ಅಭಿಷೇಕ' ಎಂದು ತಿಳಿದು ಹಾಡು ಜೋರು ಮಾಡಿದರೆ ಜೀವಕ್ಕೇ ಅಪಾಯ. ಎಚ್ಚರ ಇದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕೊಡಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೆ ಕೊಡಿ, ಆಮೇಲೆ ಊಟ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ 108ಕ್ಕೆ ಫೋನ್ ಮಾಡಿ. ಹಿರಿಯರಿಗೆ ಟಿವಿ ಧಾರಾವಾಹಿಯ ಉಪವಾಸ ಸೂಚಿಸಿ. ಅದು ಅನ್ನ ಬಿಡುವುದಕ್ಕಿಂತ ಕಠಿಣ ಎಂದು ಅವರೇ ಹೇಳುತ್ತಾರೆ.

ಕಾವಲು ಎಂದರೆ ಯಾವ ಕೆಲಸ

ಮೊದಲು ಹೊರೆ ಇಳಿಸುವುದು. 2 ಸಮುವೇಲ 19ರ ಬರ್ಜಿಲ್ಲೈ ಇದಕ್ಕೆ ಮಾದರಿ: 80 ವರ್ಷದ ಶ್ರೀಮಂತ, ರಾಜ ದಾವೀದ ತನ್ನ ಜೊತೆ ಯೆರೂಸಲೇಮಿಗೆ ಬಾ ಎಂದರೆ ಒಲ್ಲೆ ಎಂದ. ಊಟದ ರುಚಿ ತಿಳಿಯುವುದಿಲ್ಲ, ಹಾಡುವವರ ಧ್ವನಿ ಕೇಳಿಸುವುದಿಲ್ಲ, ಸುಮ್ಮನೆ ಭಾರವಾಗುವುದೇಕೆ ಎಂದ. ತನ್ನ ಬದಲಿಗೆ ಕಿಮ್ಹಾಮ ಎಂಬವನನ್ನು ರಾಜನ ಜೊತೆ ಕಳುಹಿಸಿದ. ಸಭೆಯ ಕಾರ್ಯದರ್ಶಿ, ಖಜಾಂಚಿ ಹುದ್ದೆಯಲ್ಲಿರುವ ಹಿರಿಯರಿಗೆ ಒಬ್ಬ ಕಿಮ್ಹಾಮ ಬೇಕು. ಮೊದಲ ವರ್ಷ ಅವನು ಪಕ್ಕದಲ್ಲಿ ಕೂತು ನೋಡಲಿ, ಎರಡನೇ ವರ್ಷ ಅವನು ಬರೆಯಲಿ ಹಿರಿಯರು ನೋಡಲಿ, ಮೂರನೇ ವರ್ಷಕ್ಕೆ ಬೀಗದ ಕೈ ಅವನದು. ಒಂದೇ ದಿನ ಕಿತ್ತುಕೊಂಡರೆ ಲೆಕ್ಕದ ಜೊತೆ ಮನಸ್ಸೂ ಒಡೆಯುತ್ತದೆ.

ಆಮೇಲೆ ಕೆಲಸ ಕೊಡುವುದು. 'ನಮಗಾಗಿ ಪ್ರಾರ್ಥಿಸುತ್ತಿರಿ ಆಯಿ' ಎನ್ನುವುದು ಕೆಲಸವಲ್ಲ, ಬೀಳ್ಕೊಡುವ ಮಾತು. ಲೂಕ 2ರಲ್ಲಿ ಬರುವ ಅನ್ನಳನ್ನು ನೋಡಿ, 84ರ ವಿಧವೆ, ದೇವಾಲಯ ಬಿಟ್ಟು ಹೋಗದವಳು. ಮಗು ಯೇಸುವನ್ನು ಕಂಡ ಮೇಲೆ ಆಕೆ ಸುಮ್ಮನಿರಲಿಲ್ಲ, ಬಿಡುಗಡೆಗಾಗಿ ಕಾಯುತ್ತಿದ್ದವರೆಲ್ಲರಿಗೂ ಹೋಗಿ ಹೇಳಿದಳು. ಪ್ರಾರ್ಥನೆಗೆ ಹೆಸರುಗಳ ಪಟ್ಟಿ ಕೊಡಿ: ವಾರಕ್ಕೆ ಐದು ಹೆಸರು, ಎಸೆಸೆಲ್ಸಿ ಬರೆಯುವ ಹುಡುಗ, ಹೆರಿಗೆಗೆ ಬಂದ ಸೊಸೆ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋದವನು. ಮುಂದಿನ ಭಾನುವಾರ ಏನಾಯಿತೆಂದು ಅವರಿಗೆ ಬಂದು ಹೇಳಿ. ಹೇಳದಿದ್ದರೆ ಎರಡನೇ ವಾರಕ್ಕೆ ಪಟ್ಟಿ ದಿಂಬಿನ ಕೆಳಗೆ ಸೇರುತ್ತದೆ. ಫೋನ್ ಹಿಡಿಯಬಲ್ಲವರಿಗೆ ಹೊರಗಿನ ಊರಿಗೆ ದುಡಿಯಲು ಹೋದ ಇಬ್ಬರು ಮೂವರು ಹುಡುಗರನ್ನು ಒಪ್ಪಿಸಿ, ಶನಿವಾರ ಸಂಜೆ ಒಂದು ಕರೆ. ಪಾಸ್ಟರ್ ಕರೆಗೆ ಸುಳ್ಳು ಹೇಳುವ ಹುಡುಗ ಮುತ್ಯಾನ ಕರೆಗೆ ಹೇಳುವುದಿಲ್ಲ.

ಹಾಡುಗಳ ವಿಷಯಕ್ಕೆ ತಡ ಮಾಡಬೇಡಿ. ಓದು ಬಾರದ ಎಷ್ಟೋ ಹಿರಿಯರು ಕೇಳಿ ಕಲಿತ ಭಜನೆಗಳು, ಗಡಿಭಾಗದಲ್ಲಿ ತೆಲುಗು, ಮರಾಠಿ ಹಾಡುಗಳೂ, ಅವರ ಬಾಯಲ್ಲಿ ಮಾತ್ರ ಉಳಿದಿವೆ. ಪುಸ್ತಕದಲ್ಲಿ ಮಾತು ಸಿಕ್ಕರೂ ಧಾಟಿ ಸಿಗುವುದಿಲ್ಲ. ಬೆಳಗಿನ ಹತ್ತರ ಸುಮಾರಿಗೆ ಹೋಗಿ, ಆಗ ಧ್ವನಿ ತೆರೆದಿರುತ್ತದೆ. ಫ್ಯಾನ್ ಆರಿಸಿ, ಫೋನನ್ನು ಒಂದು ಮೊಳ ದೂರ ಮಡಿಸಿದ ಟವೆಲ್ ಮೇಲೆ ಇಟ್ಟು ಏರೋಪ್ಲೇನ್ ಮೋಡ್ ಹಾಕಿ. ಒಂದು ಹಾಡಿಗೆ ಒಂದೇ ಫೈಲ್. ಮೊದಲು ಹೆಸರು, ಯಾರಿಂದ ಕಲಿತದ್ದು, ಯಾವ ಊರು, ಯಾವ ಹಬ್ಬಕ್ಕೆ ಹಾಡುತ್ತಿದ್ದದ್ದು ಎಂದು ಅವರ ಬಾಯಿಂದಲೇ ಹೇಳಿಸಿ. ತಪ್ಪಿದರೆ ತಿದ್ದಬೇಡಿ, ಮತ್ತೆ ಹಾಡಲು ಹೇಳಿ ಎರಡೂ ಇಡಿ. ಅದೇ ದಿನ ಫೈಲಿಗೆ ಹೆಸರು ಹಾಕಿ ಇನ್ನೊಂದು ಫೋನಿಗೂ ಕಳಿಸಿ.

ಮರೆವು ಬಂದವರಿಗೂ ಇದೇ ಹಾಡು ಬಾಗಿಲು. ಮಗನ ಹೆಸರು ಮರೆತವರು ಹಾಡಿನ ಮೊದಲ ಸಾಲು ಕೇಳಿ ಮೂರನೇ ಚರಣದವರೆಗೆ ಹೋಗುವುದುಂಟು, ಏಕೆಂದರೆ ಚಿಕ್ಕಂದಿನಲ್ಲಿ ರಾಗದ ಜೊತೆ ಕಲಿತದ್ದು ಕೊನೆಗೆ ಹೋಗುತ್ತದೆ. ಅವರು ಕಲಿತ ಭಾಷೆಯಲ್ಲೇ, ಅವರು ಕಲಿತ ಹಳೆಯ ಪಾಠದಲ್ಲೇ ಕರ್ತನ ಪ್ರಾರ್ಥನೆ ಹೇಳಿ. ಹೊಸ ಅನುವಾದದ ಒಂದು ಪದ ಬದಲಾದರೂ ಎಡವಿ ನಿಲ್ಲುತ್ತಾರೆ. ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲೇ ಗೊಂದಲ ಶುರುವಾದರೆ ಅದು ಮರೆವಿನ ಕಾಯಿಲೆ ಅಲ್ಲದಿರಬಹುದು: ಮೂತ್ರದ ಸೋಂಕು, ನೀರು ಕಡಿಮೆ, ಸಕ್ಕರೆ ಏರುಪೇರು, ಹೊಸ ಗುಳಿಗೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರಕಾರಿ ಆಸ್ಪತ್ರೆಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಅದೇ ದಿನ ಕರೆದೊಯ್ಯಿರಿ. ದೆವ್ವ ಬಿಡಿಸುವ ಕೂಟಕ್ಕಲ್ಲ.

ಕೊರ್ಬಾನ್ ಲೆಕ್ಕ

ಮಾರ್ಕ 7ರಲ್ಲಿ ಯೇಸು ಸಿಟ್ಟಾದದ್ದು ಕಾಣಿಕೆ ಕೊಡದವರ ಮೇಲಲ್ಲ, ಕೊಟ್ಟವರ ಮೇಲೆ. ತಾಯ್ತಂದೆಗೆ ಸಲ್ಲಬೇಕಾದ್ದನ್ನು 'ಕೊರ್ಬಾನ್, ದೇವರಿಗೆ ಅರ್ಪಿತ' ಎಂದು ಹೇಳಿ ಕೈತೊಳೆದುಕೊಳ್ಳುವವರ ಮೇಲೆ. ಹಾಗಾಗಿ ಸಭೆಯ ಮೊದಲ ನಿಯಮ ಇದಾಗಲಿ: ಮನೆಯ ಹಿರಿಯರ ಗುಳಿಗೆ ತರದೆ ದಶಮಾಂಶ ತರುವವನಿಂದ ಅದನ್ನು ತೆಗೆದುಕೊಳ್ಳುವ ಮುಂಚೆ ಪಾಸ್ಟರ್ ಒಂದು ಮಾತು ಕೇಳಬೇಕು. ವೃದ್ಧಾಪ್ಯದ ಪಿಂಚಣಿಯ ಹಣದಲ್ಲಿ ಕಾಣಿಕೆ ಹಾಕಿ ಎಂದು ಒತ್ತಾಯಿಸುವುದೂ ಇದರ ಇನ್ನೊಂದು ಮುಖ.

ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಬಡವರಿಗೆ, ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಧರ್ಮದ ಪ್ರಶ್ನೆ ಇಲ್ಲ, ವಯಸ್ಸು ಮತ್ತು ಆದಾಯವಷ್ಟೇ. ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಯಾರೋ ಹೊಸ ಖಾತೆ ತೆರೆಸಿ ಅದಕ್ಕೆ ಆಧಾರ್ ಜೋಡಿಸಿದರೆ ಹಣ ಸದ್ದಿಲ್ಲದೆ ಅಲ್ಲಿಗೆ ಹೋಗತೊಡಗುತ್ತದೆ. ಆಯಿ ಹಳೆಯ ಪಾಸ್‌ಬುಕ್ ಹಿಡಿದು 'ಪಗಾರ ನಿಂತದ' ಎನ್ನುತ್ತಾಳೆ. ನಿಂತಿತು ಎಂದು ದೂರುವ ಮುಂಚೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿಸಿ.

ಆಸ್ತಿಯ ವಿಷಯ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮರಣಶಾಸನ ಬರೆಯದೆ ಗಂಡ ತೀರಿದರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದ ಮೂರನೇ ಎರಡು ಮಕ್ಕಳಿಗೆ ಸಮ, ಮಗಳಿಗೂ ಮಗನಷ್ಟೇ. ಬೇರೆ ರೀತಿ ಬೇಕಾದರೆ ಮರಣಶಾಸನ ಬರೆಯಬೇಕು. ಸಾದಾ ಹಾಳೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ. ಇಲ್ಲಿ ಆಗುವ ತಪ್ಪು: ಯಾರಿಗೆ ಪಾಲು ಬರೆದಿದೆಯೋ ಅವರೇ, ಇಲ್ಲವೇ ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಹಾಕುವುದು. ಹಾಗಾದರೆ ಮರಣಶಾಸನ ಉಳಿಯುತ್ತದೆ, ಅವರ ಪಾಲು ಬಿದ್ದುಹೋಗುತ್ತದೆ. ಸಭೆಗೆ ಏನಾದರೂ ಬರೆಯುತ್ತಿದ್ದರೆ ಪಾಸ್ಟರ್ ಆ ಕೋಣೆಯಲ್ಲೇ ಇರದಿರುವುದು ಲೇಸು. ಹತ್ತಿರದ ನೆಂಟರಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬರೆಯಲು ಈ ಕಾಯ್ದೆಯಲ್ಲಿದ್ದ ಅಡ್ಡಿಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿತು, ಆದ್ದರಿಂದ ಈಗ ಬರೆಯಬಹುದು. ಬರೆಯಬಹುದು ಎಂದ ಮಾತ್ರಕ್ಕೆ ಬರೆಸಿಕೊಳ್ಳಬೇಕೆಂದೇನಿಲ್ಲ, ಮೇಲಿನ ಕೊರ್ಬಾನ್ ನೆನಪಿರಲಿ. ದಾಖಲೆಯಲ್ಲಿ ಒಂದು ಧರ್ಮ, ಆರಾಧನೆ ಇನ್ನೊಂದು ಎಂದಿರುವ ಮನೆಗಳಲ್ಲಿ ಯಾವ ಕಾಯ್ದೆ ಎನ್ನುವುದೇ ವ್ಯಾಜ್ಯವಾಗಬಹುದು, ಮೊದಲೇ ವಕೀಲರನ್ನು ಕಾಣಿರಿ.

ಬದುಕಿರುವಾಗಲೇ ಮಗನ ಹೆಸರಿಗೆ ದಾನಪತ್ರ ಮಾಡುವುದಾದರೆ 'ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು' ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಬಹುದು. ಬಾಯಿಮಾತಿನ ಷರತ್ತಿನ ಮೇಲೆ ಹೋರಾಡುವುದು ಕಷ್ಟ. ಜೀವನಾಂಶಕ್ಕೂ ಅರ್ಜಿ ಉಪವಿಭಾಗಾಧಿಕಾರಿಯ ಮುಂದೆ: ಬೀದರ್ ಜಿಲ್ಲೆಯವರಿಗೆ ಬೀದರ್ ಅಥವಾ ಬಸವಕಲ್ಯಾಣ, ಕಲಬುರಗಿಯವರಿಗೆ ಕಲಬುರಗಿ ಅಥವಾ ಸೇಡಂ, ಯಾದಗಿರಿಯವರಿಗೆ ಯಾದಗಿರಿ. ಯಾರಿಗೆ ಹೇಳಬೇಕೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567.

ಕೊನೆಯ ಹಾಳೆ

ನೋಟ್‌ಬುಕ್ಕಿನ ಅವರ ಪುಟಕ್ಕೆ ಒಂದು ಹಾಳೆ ಅಂಟಿಸಿ, ಅವರು ಗಟ್ಟಿಯಿರುವಾಗಲೇ ತುಂಬಿಸಿ. ಎಲ್ಲಿ ಮಣ್ಣು ಮಾಡಬೇಕು, ಯಾವ ವಚನ ಓದಬೇಕು, ಯಾವ ಹಾಡು, ಯಾರು ಹಾಡಬೇಕು, ಬಿಳಿ ಸೀರೆಯೋ ಮದುವೆಯ ಸೀರೆಯೋ, ಹೈದರಾಬಾದಿನ ಮಗಳು ಬರುವವರೆಗೆ ಎಷ್ಟು ಹೊತ್ತು ಕಾಯಬೇಕು. ಬೇಸಿಗೆಯಲ್ಲಿ ಇದು ದೊಡ್ಡ ಪ್ರಶ್ನೆ, ಐಸ್ ಪೆಟ್ಟಿಗೆ ಎಲ್ಲಿ ಸಿಗುತ್ತದೆಂದು ಈಗಲೇ ಬರೆದಿಡಿ. ಸಾಲ ಮಾಡಿ ಊರಿಗೆಲ್ಲ ಊಟ ಹಾಕಬೇಡಿ ಎಂದು ಅನೇಕ ಹಿರಿಯರು ತಾವೇ ಬರೆಸುತ್ತಾರೆ, ಅವರ ಬಾಯಿಂದ ಬಂದರೆ ಮಕ್ಕಳು ನೆಂಟರ ಮಾತಿಗೆ ಅಂಜುವುದಿಲ್ಲ. ಕೇಳಲು ಸಂಕೋಚವಾದರೆ ಹಾಡಿನಿಂದ ಶುರುಮಾಡಿ, ಉಳಿದದ್ದು ತಾನಾಗಿ ಬರುತ್ತದೆ. ಒಂದು ಪ್ರತಿ ನೋಟ್‌ಬುಕ್ಕಿನಲ್ಲಿ, ಒಂದು ಪ್ರತಿ ಮನೆಯಲ್ಲಿ ದಿನಾ ಓದುವ ಬೈಬಲ್ಲಿನೊಳಗೆ. ಬೀರುವಿನಲ್ಲಿ ಬೀಗ ಹಾಕಿಟ್ಟ ಹಾಳೆ ಮಣ್ಣು ಮಾಡಿ ಬಂದ ಮೂರನೇ ದಿನಕ್ಕೆ ಸಿಗುತ್ತದೆ.